ದಡ್ಡಿಗೆ ನುಗ್ಗಿದ್ದು ತೋಳವೇ? ಕನಕಗಿರಿ ಸೀಮೆಯ ಕುರಿಗಾಹಿ ಮನೆಯವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕಿರುವ ಊರು. ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲವಿದ್ದರೂ ಸಂಸಾರ ನಡೆಯುವುದು ನೂರ ನಲವತ್ತು ಕುರಿಗಳ ಹಿಂಡಿನಿಂದ. ಅಪ್ಪ ಮತ್ತು ಕಾಕಾ ಮೇಯಿಸುತ್ತಾರೆ. ನಾನು ಗಂಗಾವತಿಯಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಮೂರು ತಿಂಗಳಲ್ಲಿ ಹನ್ನೊಂದು ಕುರಿ ಹೋದವು. ಎರಡನ್ನು ಸಂಜೆ ಹಿಂಡು ಹೊಡೆದುಕೊಂಡು ಬರುವಾಗ ಅಪ್ಪನ ಕಣ್ಣೆದುರೇ ತೋಳ ಎಳೆದೊಯ್ದಿತು. ಒಂದು ರಾತ್ರಿ ದಡ್ಡಿಯಲ್ಲಿ (ಕುರಿ ಕೂಡುವ ಬೇಲಿಯೊಳಗೆ) ಏಳು ಕುರಿ ಸತ್ತು ಬಿದ್ದಿದ್ದವು. ತೊಡೆ, ಬಾಲದ ಬುಡ, ಕಿವಿ ಹರಿದಿದ್ದವು, ಆದರೆ ಮಾಂಸ ತಿಂದದ್ದು ಎರಡರಲ್ಲಿ ಮಾತ್ರ. ಆಮೇಲೆ ಎಳೆಯ ಮರಿಗಳೆರಡು ಕಾಣೆಯಾದವು. ಬಂಕಾಪುರದಲ್ಲಿ ತೋಳಧಾಮ ಆದ ಮೇಲೆ ಅರಣ್ಯ ಇಲಾಖೆಯವರು ಎಲ್ಲಿಂದಲೋ ತೋಳ ತಂದು ಬಿಟ್ಟಿದ್ದಾರೆ ಎಂದು ಊರಲ್ಲಿ ಹೇಳುತ್ತಾರೆ. ಸತ್ತ ಕುರಿಗೆ ವಿಷ ಹಾಕಿಡೋಣ ಎಂದು ಕೆಲವರು, ಗುಡ್ಡದ ಗವಿಗೆ ಹೊಗೆ ಹಾಕೋಣ ಎಂದು ಕೆಲವರು. ಉತ್ತರ ಪ್ರದೇಶದಲ್ಲಿ ತೋಳ ಮಕ್ಕಳನ್ನು ಹೊತ್ತೊಯ್ದ ಸುದ್ದಿ ನೋಡಿದ ಅವ್ವ ನನ್ನ ಅಣ್ಣನ ಮಕ್ಕಳನ್ನು ಅಂಗಳಕ್ಕೂ ಬಿಡುತ್ತಿಲ್ಲ. ನಾವು ಏನು ಮಾಡಬೇಕು?

ಉತ್ತರ: ಮೊದಲಿಗೆ ನಿಮ್ಮ ನಷ್ಟದ ಮಾತು. ನೂರ ನಲವತ್ತರಲ್ಲಿ ಹನ್ನೊಂದು ಎಂದರೆ ಹಿಂಡಿನ ಹನ್ನೆರಡನೇ ಒಂದು ಪಾಲಿಗೆ ಹತ್ತಿರ. ಸಂಬಳದ ಮನೆಗೆ ಹೋಲಿಸಿದರೆ ಒಂದು ತಿಂಗಳ ಸಂಬಳವೇ ಬಾರದೆ ಹೋದಂತೆ. ವನ್ಯಜೀವಿಗಳ ಪರವಾಗಿ ಮಾತನಾಡುವ ನನ್ನಂಥವರು ಈ ಲೆಕ್ಕವನ್ನು ಬಿಟ್ಟು ತೋಳದ ಮಹಿಮೆ ಹೇಳಲು ಹೊರಟಾಗ ಕುರಿಗಾಹಿಗಳು ಎದ್ದು ಹೋಗುವುದು ಸಹಜವೇ ಆಗಿದೆ. ಆದ್ದರಿಂದ ಕುರಿಯಿಂದಲೇ ಆರಂಭಿಸುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಸಾಲು ಆ ರಾತ್ರಿಯ ಏಳು ಕುರಿಗಳದ್ದು. ಅವುಗಳನ್ನು ಕೊಂದದ್ದು ತೋಳವಲ್ಲ, ನಾಯಿಗಳು ಎಂಬುದು ನಿಮ್ಮ ವಿವರಣೆಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ತೋಳ ಸಾಮಾನ್ಯವಾಗಿ ಕುರಿಯ ಗಂಟಲಿಗೆ ಬಾಯಿ ಹಾಕುತ್ತದೆ. ಆದಷ್ಟು ಬೇಗ ಬೇಟೆಯನ್ನು ಜನರಿಂದ ದೂರ ಎಳೆದೊಯ್ದು, ಹೊಟ್ಟೆಯ ಭಾಗವನ್ನೂ ತೊಡೆಯನ್ನೂ ತಿಂದು, ಉಳಿದುದಕ್ಕೆ ಮತ್ತೆ ಬರುತ್ತದೆ. ಊರ ನಾಯಿಗಳ ಗುಂಪು ಹೀಗಲ್ಲ. ಅವು ಓಡುವ ಕುರಿಯನ್ನು ಹಿಂದಿನಿಂದ ಅಟ್ಟಿ ತೊಡೆ, ಬಾಲದ ಬುಡ, ಕಿವಿ, ಪಕ್ಕೆ ಎಂದು ಸಿಕ್ಕಸಿಕ್ಕಲ್ಲಿ ಹರಿಯುತ್ತವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತವೆ, ಬಹಳಷ್ಟನ್ನು ತಿನ್ನದೆಯೇ ಬಿಡುತ್ತವೆ. ತೋಳವೂ ಅಪರೂಪಕ್ಕೆ ದಡ್ಡಿಯೊಳಗೆ ಒಂದಕ್ಕಿಂತ ಹೆಚ್ಚು ಕುರಿಗಳನ್ನು ಕೊಲ್ಲುವುದುಂಟು. ಓಡಿಹೋಗಲು ದಾರಿಯಿಲ್ಲದೆ ಸುತ್ತಲೂ ಜಿಗಿದಾಡುವ ಕುರಿಗಳ ನಡುವೆ ಅದರ ಬೇಟೆಯ ಚಾಳಿ ನಿಲ್ಲುವುದಿಲ್ಲ. ಇದನ್ನು ಕಂಡವರು ‘ತೋಳ ರಕ್ತ ಕುಡಿದು ಬಿಡುತ್ತದೆ’ ಎನ್ನುತ್ತಾರೆ, ಅದು ನಿಜವಲ್ಲ. ಆದರೆ ಅಂಥ ಸಂದರ್ಭದಲ್ಲಿಯೂ ಗಾಯ ಹೆಚ್ಚಾಗಿ ಕುತ್ತಿಗೆಯಲ್ಲಿಯೇ ಇರುತ್ತದೆ.

ಕಾಣೆಯಾದ ಮರಿಗಳ ವಿಷಯದಲ್ಲಿ ತೀರ್ಪು ಕೊಡುವುದು ಕಷ್ಟ. ವಾರ ಹದಿನೈದು ದಿನದ ಮರಿಯನ್ನು ನರಿಯೂ ಒಯ್ಯಬಲ್ಲದು, ತೋಳವೂ ಒಯ್ಯಬಲ್ಲದು. ಗುಡ್ಡದ ಬಂಡೆಗಳ ಸೀಮೆಯಾದ್ದರಿಂದ ಚಿರತೆಯನ್ನೂ ತಳ್ಳಿಹಾಕಲಾಗದು. ಕತ್ತೆಕಿರುಬದ ಮೇಲೆ ಜನರಿಗೆ ಅನುಮಾನ ಹೆಚ್ಚು, ಆದರೆ ಅದು ಬಹುಪಾಲು ಸತ್ತದ್ದನ್ನು ತಿನ್ನುವ ಪ್ರಾಣಿ. ಎಲುಬನ್ನು ಸಹ ಅಗಿದು ಪುಡಿ ಮಾಡುವುದರಿಂದ ಅದರ ಹಿಕ್ಕೆ ಒಣಗಿದಾಗ ಸುಣ್ಣದಂತೆ ಬೆಳ್ಳಗಿರುತ್ತದೆ. ಹೆಜ್ಜೆ ನೋಡಿ ತೋಳ, ನಾಯಿಗಳನ್ನು ಬೇರ್ಪಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಒಂದೇ ಹೆಜ್ಜೆಯಲ್ಲಿ ಅದು ನನಗೂ ತಿಳಿಯುವುದಿಲ್ಲ. ಹೆಜ್ಜೆಗಳ ಸಾಲು ಉದ್ದಕ್ಕೆ ಸಿಕ್ಕರೆ ಮಾತ್ರ ಒಂದು ಸುಳಿವಿದೆ: ತೋಳ ದಾರ ಎಳೆದಂತೆ ನೇರವಾಗಿ ನಡೆಯುತ್ತದೆ, ನಾಯಿ ಅತ್ತಿತ್ತ ಮೂಸುತ್ತಾ ಸುತ್ತುತ್ತದೆ.

ಹಾಗಾದರೆ ಲೆಕ್ಕ ಹೀಗಾಯಿತು. ಖಚಿತವಾಗಿ ತೋಳದ ಪಾಲಿಗೆ ಹೋದದ್ದು ಎರಡು, ನಾಯಿಗಳಿಗೆ ಏಳು, ಯಾರೆಂದು ತಿಳಿಯದ್ದು ಎರಡು. ತೋಳವನ್ನು ಕಾಪಾಡಲು ನಾನು ಈ ಲೆಕ್ಕ ಹಾಕುತ್ತಿಲ್ಲ. ಊರಿನವರೆಲ್ಲ ಸೇರಿ ಗುಡ್ಡದ ತೋಳಗಳನ್ನು ನಾಳೆಯೇ ಕೊಂದರೂ ನಿಮ್ಮ ದಡ್ಡಿಗೆ ಆ ನಾಯಿಗಳು ಮತ್ತೆ ಬರುತ್ತವೆ ಎಂಬುದಕ್ಕಾಗಿ ಹೇಳುತ್ತಿದ್ದೇನೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ನಮ್ಮಲ್ಲಿದೆ. ಸಿಟ್ಟು ತೋಳದ ಮೇಲೆ ತಿರುಗುವುದು ಸುಲಭ, ಏಕೆಂದರೆ ನಾಯಿಗಳು ನಮ್ಮ ಓಣಿಯವೇ.

ಇನ್ನು ‘ತಂದು ಬಿಟ್ಟಿದ್ದಾರೆ’ ಎಂಬ ಮಾತು. ಇದನ್ನು ನಾನು ಚಿರತೆಯ ಬಗ್ಗೆ ಮೈಸೂರು ಕಡೆ ಕೇಳಿದ್ದೇನೆ, ಹಾವಿನ ಬಗ್ಗೆ ಮಲೆನಾಡಿನಲ್ಲಿ ಕೇಳಿದ್ದೇನೆ. ತೋಳದ ಬಗ್ಗೆ ನಿಮ್ಮ ಸೀಮೆಯಲ್ಲಿ ಕೇಳುತ್ತಿದ್ದೇನೆ. ಬಂಕಾಪುರಕ್ಕೆ ತೋಳಗಳನ್ನು ಯಾರೂ ತಂದಿಲ್ಲ. ಅಲ್ಲಿ ಮೊದಲಿನಿಂದಲೂ ತೋಳಗಳು ಮರಿ ಹಾಕುತ್ತಿದ್ದವು ಎಂಬ ಕಾರಣಕ್ಕೇ ಆ ಜಾಗವನ್ನು ಧಾಮವೆಂದು ಗುರುತಿಸಿದ್ದು. (ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ, ಹೆಸರು ಒಂದೇ ಆದ್ದರಿಂದ ಎರಡನ್ನೂ ಬೆರೆಸಿ ಮಾತನಾಡುವವರಿದ್ದಾರೆ.) ಕೊಪ್ಪಳ ಜಿಲ್ಲೆಯ ಈ ಧಾಮದ ವಿಸ್ತೀರ್ಣ ಸುಮಾರು 332 ಎಕರೆ, ಅಂದರೆ ಒಂದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಕುಟುಂಬ ತಿರುಗಾಡುವ ಸೀಮೆಯಾದರೋ ನೂರಕ್ಕೂ ಹೆಚ್ಚು ಚದರ ಕಿಲೋಮೀಟರು. ಆದ್ದರಿಂದ ಧಾಮವೆಂಬುದು ಮರಿ ಹಾಕಲು, ಹಗಲು ಮಲಗಲು ಸಿಕ್ಕ ಒಂದು ಕೋಣೆ ಮಾತ್ರ. ತೋಳದ ನಿಜವಾದ ಮನೆ ನಿಮ್ಮ ಹೊಲ, ಗಾಯರಾಣ (ಊರ ಗೋಮಾಳ), ಹಳ್ಳದ ದಂಡೆ, ಗುಡ್ಡದ ಇಳಿಜಾರು ಇವೇ ಆಗಿವೆ. ಧಾಮ ಘೋಷಣೆಯಾದದ್ದರಿಂದ ನಿಮ್ಮ ಊರಿಗೆ ತೋಳ ಬಂದಿಲ್ಲ, ಘೋಷಣೆ ರದ್ದಾದರೆ ಹೋಗುವುದೂ ಇಲ್ಲ.

ನಿಮ್ಮ ನೆಲವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಇದು ಅರ್ಥವಾಗುತ್ತದೆ. ರಾಮನಗರದ ಬೆಟ್ಟಗಳಿಂದ ಆರಂಭವಾಗಿ ಉತ್ತರಕ್ಕೆ ಹಂಪಿ, ಆನೆಗೊಂದಿ ದಾಟಿ ನಿಮ್ಮ ಕಡೆಗೆ ಹಾಯ್ದಿರುವ ಗ್ರಾನೈಟಿನ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ಅದು ಒಡೆದು, ಸವೆದು, ಒಂದರ ಮೇಲೊಂದು ಬಂಡೆಯಾಗಿ ನಿಂತ ಗುಡ್ಡಗಳ ಸಂದುಗಳೇ ಕರಡಿ, ಚಿರತೆ, ಕತ್ತೆಕಿರುಬ, ತೋಳಗಳಿಗೆ ಗವಿಗಳಾದವು. ಹೊಳೆಯಾಚೆ ದರೋಜಿಯ ಕರಡಿಧಾಮ 1994ರಲ್ಲಿ ಆದದ್ದೂ ಇಂಥದೇ ಬಂಡೆಗಳ ಸೀಮೆಯಲ್ಲಿ. ಗುಡ್ಡದ ಕೆಳಗೆ ಮಸಾರಿ ನೆಲ, ಅದರಾಚೆ ಎರೆಭೂಮಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆ; ಅದೂ ನಂಬುವಂಥದ್ದಲ್ಲ. ಈ ಮಳೆಗೆ ದಟ್ಟ ಕಾಡು ಬೆಳೆಯುವುದಿಲ್ಲ, ಹುಲ್ಲು ಮತ್ತು ಮುಳ್ಳುಪೊದೆ ಬೆಳೆಯುತ್ತವೆ. ಹುಲ್ಲನ್ನು ನಂಬಿ ಚಿಗರಿ (ಕೃಷ್ಣಮೃಗ) ಇತ್ತು, ಚಿಗರಿಯನ್ನು ನಂಬಿ ತೋಳವಿತ್ತು, ಅದೇ ಹುಲ್ಲನ್ನು ನಂಬಿ ಹಾಲುಮತದವರ (ಕುರುಬರ) ಹಿಂಡುಗಳಿದ್ದವು. ಗಂಗಾವತಿ, ಸಿಂಧನೂರು, ಲಿಂಗಸುಗೂರು ಕಡೆಯ ಕೆಂಗುರಿ ತಳಿ ಆ ನೆಲಕ್ಕೆ ಒಗ್ಗಿ ಬಂದ ಕುರಿ; ನಿಮ್ಮ ಹಿಂಡಿನಲ್ಲಿಯೂ ಅದೇ ಹೆಚ್ಚಿರಬೇಕು. ಕಾಡು ಎಂದರೆ ಮರಗಳ ಗುಂಪು ಎಂದುಕೊಂಡವರಿಗೆ ನಿಮ್ಮ ಸೀಮೆ ಪಾಳುಭೂಮಿಯಂತೆ ಕಂಡಿದೆ. ಸರ್ಕಾರಿ ದಾಖಲೆಗಳೂ ಎಷ್ಟೋ ಕಡೆ ಅದನ್ನು ಹಾಗೆಯೇ ಬರೆದುಕೊಂಡಿವೆ. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡಿದ ಇನ್ನೊಂದು ತಪ್ಪು ತಿಳಿವಳಿಕೆಯನ್ನು ನಾನು ಕಂಡಿಲ್ಲ.

ಆ ಪಾಳುಭೂಮಿ ಈಗ ಎಲ್ಲಿಗೆ ಹೋಯಿತು? 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯಲು ಆರಂಭವಾದ ಮೇಲೆ ಎಡದಂಡೆ ಕಾಲುವೆಯ ಕೆಳಗಿನ ನೆಲ ಭತ್ತದ ಗದ್ದೆಯಾಯಿತು. ಅದರಿಂದ ಲಕ್ಷಾಂತರ ಜನ ಉಂಡಿದ್ದಾರೆ. ಅದನ್ನು ದೂರುವ ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಹಿಂಡು ಹರಿದಾಡುತ್ತಿದ್ದ ನೆಲವೂ ಅದೇ ಆಗಿತ್ತು. ನೀರಿಲ್ಲದ ಮೇಲ್ಭಾಗದಲ್ಲಿ ಸಜ್ಜೆ, ನವಣೆ, ಹುರುಳಿಯ ಜಾಗಕ್ಕೆ ಮೆಕ್ಕೆಜೋಳ ಬಂತು. ಗಾಯರಾಣಗಳು ಒತ್ತುವರಿಯಾದವು, ಉಳಿದವುಗಳನ್ನು ಬಳ್ಳಾರಿ ಜಾಲಿ ಮುಚ್ಚಿತು, ಕೆಲವು ಗುಡ್ಡಗಳು ಕಲ್ಲುಗಣಿಯಾದವು. ಚಿಗರಿ ಬಯಲಿನ ಕಡೆ ಉಳಿದಿದೆಯೇ ಹೊರತು ನಿಮ್ಮ ಗುಡ್ಡದ ಸುತ್ತ ಈಗ ಕಾಣಸಿಗುವುದು ಅಪರೂಪ. ಹೀಗಾಗಿ ಇಂದಿನ ತೋಳಕ್ಕೆ ಮೊಲ, ಇಲಿ, ಸತ್ತ ದನ ಇವುಗಳ ಜೊತೆಗೆ ಕುರಿ ಮತ್ತು ಆಡುಗಳೇ ಮುಖ್ಯ ಆಹಾರವಾಗಿವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ದಖ್ಖನಿನ ತೋಳ ಬಹುಮಟ್ಟಿಗೆ ಕುರಿಗಾಹಿಯ ಹಿಂಡಿನಿಂದಲೇ ಬದುಕಿದೆ. ಇಡೀ ಭಾರತದಲ್ಲಿ ಬೆಳೆದ ತೋಳಗಳು ಸುಮಾರು 3,100 ಎಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅಂದರೆ ಅವು ಹುಲಿಗಳಷ್ಟೇ ವಿರಳ. ಹುಲಿಗೆ ಸಿಗುವ ಕಾಡು, ಹಣ, ಸಿಬ್ಬಂದಿ ತೋಳಕ್ಕಿಲ್ಲ. ಅದರ ಖರ್ಚನ್ನು ನಿಮ್ಮಂಥ ಮನೆಗಳು ಹೊರುತ್ತಿವೆ. ಹಳೆಯ ಕುರಿಗಾಹಿಗಳು ಅದನ್ನು ‘ತೋಳದ ಪಾಲು’ ಎಂದು ಬಿಟ್ಟುಕೊಟ್ಟದ್ದನ್ನು ನಾನು ಗೌರವದಿಂದ ಕೇಳಿದ್ದೇನೆ. ಆದರೆ ಹಿಂಡಿಗೆ ಮೇವು ಹೇರಳವಾಗಿದ್ದ ಕಾಲದ ಆ ಔದಾರ್ಯವನ್ನು ಮೇವು ಕೊಂಡು ಹಾಕುವ ಈ ಕಾಲದಲ್ಲಿ ನಿಮ್ಮಿಂದ ಕೇಳುವ ಹಕ್ಕು ನನಗಿಲ್ಲ.

ಈಗ ನಿಮ್ಮ ಅವ್ವನ ಭಯದ ಬಗ್ಗೆ. ಅದು ಹುಸಿಯಾದದ್ದಲ್ಲ. 2024ರ ಮಳೆಗಾಲದಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ತೋಳಗಳು ಹಲವು ಮಕ್ಕಳನ್ನು ಕೊಂದದ್ದು ನಿಜ. 1996ರಲ್ಲಿಯೂ ಅದೇ ರಾಜ್ಯದ ಪೂರ್ವ ಜಿಲ್ಲೆಗಳಲ್ಲಿ ಇಂಥದೇ ಸರಣಿ ನಡೆದಿತ್ತು. ಆಗ ವಿಜ್ಞಾನಿಗಳು ಸ್ಥಳದಲ್ಲಿಯೇ ಪರಿಶೀಲಿಸಿ ಅದು ತೋಳದ ಕೆಲಸವೆಂದು ಖಚಿತಪಡಿಸಿದ್ದರು. ‘ತೋಳ ಮನುಷ್ಯರ ತಂಟೆಗೆ ಬರುವುದೇ ಇಲ್ಲ’ ಎಂಬ ಮಾತು ಹಾಗಾಗಿ ಪೂರ್ತಿ ಸರಿಯಲ್ಲ. ಆದರೆ ಆ ಪ್ರಕರಣಗಳ ಹಿನ್ನೆಲೆಯನ್ನೂ ನೋಡಬೇಕು. ಅವು ದೊಡ್ಡ ಪ್ರದೇಶದ ಎಲ್ಲ ತೋಳಗಳ ಕೆಲಸವಲ್ಲ. ಒಂದು ತೋಳ ಅಥವಾ ಒಂದು ಗುಂಪು ಅದಕ್ಕೆ ಬಿದ್ದಾಗ ನಡೆದವು. ದಾಳಿಗೆ ಸಿಕ್ಕವರು ಬಹುತೇಕ ಚಿಕ್ಕ ಮಕ್ಕಳು; ಬಾಗಿಲಿಲ್ಲದ ಗುಡಿಸಲಲ್ಲಿ, ಅಂಗಳದಲ್ಲಿ ಮಲಗಿದ್ದವರು, ಕತ್ತಲಲ್ಲಿ ಒಬ್ಬರೇ ಹೊರಗೆ ಹೋದವರು. ಕಾಡಿನ ಬೇಟೆ ಇಲ್ಲವಾಗಿ, ಆಡು ಕುರಿಗಳಿಗೆ ಕಾವಲು ಬಿಗಿಯಾಗಿ, ಮಕ್ಕಳಿಗೆ ಕಾವಲಿಲ್ಲದಿದ್ದ ಸನ್ನಿವೇಶ ಅದು. ನಿಮ್ಮ ಭಾಗದಲ್ಲಿ ನಾನು ಓಡಾಡಿದ ವರ್ಷಗಳಲ್ಲಿ ಆರೋಗ್ಯವಂತ ತೋಳವೊಂದು ಮಗುವಿನ ಮೇಲೆ ಎರಗಿದ ಒಂದು ಪ್ರಕರಣವನ್ನೂ ನೋಡಿಲ್ಲ. ಹಗಲಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡಬಹುದು ಎಂದು ಅವ್ವನಿಗೆ ಹೇಳಿ. ಕತ್ತಲಾದ ಮೇಲೆ ಒಬ್ಬರೇ ಬಯಲಿಗೆ ಹೋಗದಂತೆ, ದಡ್ಡಿಯ ಹತ್ತಿರ ಬಯಲಲ್ಲಿ ಮಕ್ಕಳು ಮಲಗದಂತೆ ನೋಡಿಕೊಂಡರೆ ಸಾಕು. ಈ ಎಚ್ಚರ ಹಾವಿಗೂ ಚಿರತೆಗೂ ಬೇಕಾದದ್ದೇ.

ನನಗೆ ನಿಜಕ್ಕೂ ಚಿಂತೆ ಇರುವುದು ಹುಚ್ಚುರೋಗದ ವಿಷಯದಲ್ಲಿ. ಊರ ನಾಯಿಗಳಿಂದ ರೇಬೀಸ್ ತಗಲಿದ ತೋಳ ಮನುಷ್ಯರನ್ನು ಕಂಡು ಹಿಂಜರಿಯುವುದಿಲ್ಲ. ಹಾಡಹಗಲೇ ಊರೊಳಗೆ ಬಂದು ಎದುರಿಗೆ ಬಂದವರನ್ನೆಲ್ಲ ಕಚ್ಚುತ್ತದೆ. ಅದು ಮುಖಕ್ಕೂ ಕುತ್ತಿಗೆಗೂ ಬಾಯಿ ಹಾಕುವುದರಿಂದ ಅಪಾಯ ಇನ್ನೂ ಹೆಚ್ಚು. ಹಾಗೇನಾದರೂ ಆದರೆ ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರ ಯಾವುದನ್ನೂ ಹಚ್ಚಬಾರದು. ಆಸ್ಪತ್ರೆಯಲ್ಲಿ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನು ಕೇಳಿಯೇ ಪಡೆಯಬೇಕು. ಆಳವಾದ ಗಾಯಕ್ಕೆ ಬರೀ ಲಸಿಕೆ ಸಾಲದು.

ವಿಷ ಮತ್ತು ಹೊಗೆಯ ಸಲಹೆಗಳಿಗೆ ನನ್ನ ಉತ್ತರ ಬೇಡವೆಂಬುದೇ. ಕಾನೂನಿನ ಕಾರಣ ಮೊದಲು ಹೇಳಿಬಿಡುತ್ತೇನೆ: ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. ಸಲಹೆ ಕೊಟ್ಟ ಊರಿನವರು ಆಗ ನಿಮ್ಮ ಅಪ್ಪನ ಜೊತೆ ಕೋರ್ಟಿಗೆ ಅಲೆಯುವುದಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ ವಿಷ ನಿಮಗೇ ಹಾನಿ. ಕೀಟನಾಶಕ ಬೆರೆಸಿದ ಹೆಣಕ್ಕೆ ಮೊದಲು ಬಾಯಿ ಹಾಕುವುದು ನಿಮ್ಮದೇ ಹಿಂಡಿನ ನಾಯಿ. ವಿಷವಿಟ್ಟ ಹಿಂಡಿನಲ್ಲಿ ಕಾವಲು ನಾಯಿಗಳೇ ಸತ್ತು, ಮರುತಿಂಗಳು ತೋಳದಿಂದ ಇನ್ನೂ ಹೆಚ್ಚು ಕುರಿ ಕಳೆದುಕೊಂಡ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗವಿಗೆ ಹೊಗೆ ಹಾಕಿದರೆ ಸಾಯುವುದು ಮರಿಗಳು. ಅನುಭವಿ ಜೋಡಿ ಚದುರಿದರೆ ಆ ಜಾಗಕ್ಕೆ ಎಳೆಯ ತೋಳಗಳು ಬರುತ್ತವೆ. ಮೊಲ ಹಿಡಿಯುವುದಕ್ಕಿಂತ ಕುರಿ ಹಿಡಿಯುವುದು ಅವಕ್ಕೆ ಸುಲಭ.

ಹಿಡಿದು ಬೇರೆಡೆ ಬಿಡಿ ಎಂಬ ಬೇಡಿಕೆಯೂ ನಿಮ್ಮೂರಲ್ಲಿ ಬರಬಹುದು. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬೇಕಾದರೆ ಅದರಿಂದ ಮನುಷ್ಯರ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಅದು ಚೇತರಿಸಿಕೊಳ್ಳಲಾಗದಂತೆ ರೋಗಕ್ಕೋ ಗಾಯಕ್ಕೋ ತುತ್ತಾಗಿರಬೇಕು. ಕುರಿ ಹಿಡಿಯಿತೆಂಬ ಕಾರಣ ಅದಕ್ಕೆ ಸಾಲದು. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಹೊಸ ಜಾಗದಲ್ಲಿಯೂ ಯಾರದೋ ಹಿಂಡು ಇದ್ದೇ ಇರುತ್ತದೆ.

ಉಳಿದ ದಾರಿ ದಡ್ಡಿ ಮತ್ತು ಕಾವಲು. ಇಲ್ಲಿ ಮಾತ್ರ ನಿಮ್ಮ ಕೈಯಲ್ಲಿ ನಿಜವಾಗಿ ಏನಾದರೂ ಇದೆ. ಈಗ ನೀವು ಬಳಸುತ್ತಿರುವುದು ನೈಲಾನ್ ಬಲೆ ಎಂದು ಊಹಿಸುತ್ತೇನೆ. ಅದು ಕುರಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ತೋಳಗಳು ಒಳಗೆ ಬಾರದಂತೆ ತಡೆಯುವುದಿಲ್ಲ. ಊರ ಹತ್ತಿರದ ದಡ್ಡಿಗೆ ಆರಡಿ ಎತ್ತರದ ಕಬ್ಬಿಣದ ಜಾಲರಿ ಹಾಕಿ, ಬುಡವನ್ನು ಒಂದಡಿ ನೆಲದೊಳಗೆ ಹೂತು, ಹೊರಗೆ ಬುಡದುದ್ದಕ್ಕೂ ಬಳ್ಳಾರಿ ಜಾಲಿಯ ಮುಳ್ಳು ಒತ್ತಿದರೆ ಅಗೆದು ನುಗ್ಗುವುದೂ ಹಾರಿ ನುಗ್ಗುವುದೂ ಬಹಳ ಕಷ್ಟವಾಗುತ್ತದೆ. ಹಿಂಡಿನ ಒಟ್ಟು ನಷ್ಟಕ್ಕೆ ಹೋಲಿಸಿದರೆ ಈ ಖರ್ಚು ಒಂದೆರಡು ವರ್ಷದಲ್ಲಿ ತೀರುತ್ತದೆ. ಆದರೆ ಗೊಬ್ಬರಕ್ಕಾಗಿ ಬೇರೆಯವರ ಹೊಲದಲ್ಲಿ ಕುರಿ ತರುಬುವಾಗ ಜಾಲರಿ ಹೊತ್ತೊಯ್ಯಲಾಗದು ಎಂಬ ತೊಡಕು ಉಳಿದೇ ಉಳಿಯುತ್ತದೆ. ಆಗ ಮರಿಗಳನ್ನು ಮಧ್ಯಕ್ಕೆ, ಬುಟ್ಟಿಯ ಕೆಳಗೆ ಅಥವಾ ಪ್ರತ್ಯೇಕ ಗೂಡಿನಲ್ಲಿ ಇಟ್ಟು, ಇಬ್ಬರು ಎರಡು ತುದಿಗೆ ಮಲಗುವ ಹಳೆಯ ಪದ್ಧತಿಗೆ ಸಮನಾದದ್ದಿಲ್ಲ. ಮಿನುಗುವ ದೀಪಗಳನ್ನು ಮಾರುವವರು ಬರುತ್ತಾರೆ; ಮೊದಲ ಕೆಲವು ವಾರ ಅವು ಕೆಲಸ ಮಾಡುತ್ತವೆ, ಜಾಗ ಬದಲಿಸದಿದ್ದರೆ ತೋಳ ಅದಕ್ಕೆ ಹೊಂದಿಕೊಳ್ಳುತ್ತದೆ.

ನಾಯಿಯ ವಿಷಯ ವಿವರವಾಗಿ ಹೇಳಬೇಕು. ದೇವರೊಡನೆ ನಾಯಿಯನ್ನೂ ಪೂಜಿಸುವ ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿಯ ಬೆಲೆ ನಾನು ಹೇಳಿಕೊಡಬೇಕಿಲ್ಲ. ಆದರೆ ಇತ್ತೀಚೆಗೆ ಕೆಲವರು ಹಿಂಡಿನ ಕಾವಲಿಗೆಂದು ದುಡ್ಡು ಕೊಟ್ಟು ಮುಧೋಳ ನಾಯಿ ತರುತ್ತಿದ್ದಾರೆ. ಅದು ಓಡಿ ಬೇಟೆ ಹಿಡಿಯುವ ತಳಿ. ತೋಳವನ್ನು ಕಂಡರೆ ಅಟ್ಟಿಕೊಂಡು ದೂರ ಹೋಗುತ್ತದೆ, ಹಿಂಡು ಬರಿದಾಗುತ್ತದೆ. ಹಿಂಡಿನ ನಡುವೆಯೇ ಹುಟ್ಟಿ ಬೆಳೆದ, ಕುರಿಯ ವಾಸನೆಗೆ ಎರಡು ತಿಂಗಳ ಒಳಗೇ ಹೊಂದಿಕೊಂಡ, ಹಿಂಡು ಬಿಟ್ಟು ಕದಲದ ನಿಮ್ಮ ಸೀಮೆಯ ಗಟ್ಟಿ ನಾಯಿಗಳೇ ಉತ್ತಮ. ನೂರ ನಲವತ್ತು ಕುರಿಗೆ ಮೂರು ಇರಲಿ. ಕುತ್ತಿಗೆಗೆ ಹೊರಮುಖವಾಗಿ ಮೊಳೆಯಿರುವ ಪಟ್ಟಿ ಕಟ್ಟಿ. ರೇಬೀಸ್ ಮತ್ತು ಡಿಸ್ಟೆಂಪರ್ (ನಾಯಿಗಳ ಸಾಂಕ್ರಾಮಿಕ ರೋಗ) ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿ. ಪುಣೆಯ ಬಳಿ ತೋಳ ಮತ್ತು ನಾಯಿ ಬೆರೆತು ಹುಟ್ಟಿದ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಿಂದ ದೃಢಪಟ್ಟಿದೆ. ಮನುಷ್ಯರಿಗೆ ಅಂಜದ ಅಂಥ ತಳಿ ಹೆಚ್ಚಿದರೆ ನಿಮಗೆ ತೋಳಕ್ಕಿಂತ ದೊಡ್ಡ ತಲೆನೋವು.

ಏಳು ಕುರಿ ಕೊಂದ ಓಣಿ ನಾಯಿಗಳಿಗೆ ಮದ್ದು ದಡ್ಡಿಯೊಂದರಿಂದ ಆಗುವುದಿಲ್ಲ. ಸತ್ತ ಕೋಳಿ, ಮಾಂಸದಂಗಡಿಯ ಕಸ, ಸತ್ತ ಕುರಿಗಳ ಹೆಣ ಇವುಗಳನ್ನು ಊರಾಚೆ ಎಸೆಯುವ ಜಾಗವೊಂದು ನಿಮ್ಮಲ್ಲಿಯೂ ಇರಬೇಕು. ಆ ಜಾಗ ಇರುವವರೆಗೆ ನಾಯಿಗಳ ಗುಂಪೂ ಇರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ನೀವು ಹಟ ಹಿಡಿದು ಕೇಳಬೇಕಾದದ್ದು ಗುಂಡಿ ತೋಡಿ ಹೂಳುವ ವ್ಯವಸ್ಥೆ ಮತ್ತು ನಾಯಿಗಳ ಸಂತಾನ ನಿಯಂತ್ರಣ. ತೋಳದ ವಿರುದ್ಧ ಅರ್ಜಿ ಬರೆಯುವುದಕ್ಕಿಂತ ಇದರಿಂದ ನಿಮ್ಮ ಕುರಿಗಳು ಹೆಚ್ಚು ಉಳಿಯುತ್ತವೆ. ತೋಳದ ವಿಷಯದಲ್ಲಿ ಕಾಲವನ್ನು ಗಮನಿಸಿ: ನವೆಂಬರಿನಿಂದ ಫೆಬ್ರುವರಿಯವರೆಗೆ ಗವಿಯಲ್ಲಿ ಮರಿಗಳಿರುವ ಸಂಭವ ಹೆಚ್ಚು, ಆಗ ದೊಡ್ಡ ತೋಳಗಳು ಗುಡ್ಡದ ಸುತ್ತಲೇ ಬೇಟೆ ಹುಡುಕುತ್ತವೆ. ಆ ನಾಲ್ಕು ತಿಂಗಳು ಹಿಂಡನ್ನು ಗುಡ್ಡದ ಮಗ್ಗುಲಿಗೆ ಬಿಡದೆ, ಸೂರ್ಯ ಮುಳುಗುವುದಕ್ಕೆ ಮೊದಲೇ ದಡ್ಡಿಗೆ ತಂದರೆ ಅಪ್ಪನ ಕಣ್ಣೆದುರು ನಡೆದಂಥದ್ದು ಬಹುಪಾಲು ತಪ್ಪುತ್ತದೆ.

ಪರಿಹಾರದ ವಿಷಯದಲ್ಲಿ ನೀವು ಏನನ್ನೂ ಕೇಳಿಲ್ಲ, ಆದರೆ ಕೇಳಲೇಬೇಕಿತ್ತು. ಕಾಡುಪ್ರಾಣಿ ಕೊಂದ ಕುರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅರ್ಜಿ ಇ-ಪರಿಹಾರ ವ್ಯವಸ್ಥೆಯ ಮೂಲಕ ಹೋಗುತ್ತದೆ. ಹೆಣವನ್ನು ಎತ್ತದೆ, ಚರ್ಮ ಸುಲಿಯದೆ, ಕುತ್ತಿಗೆಯ ಗಾಯ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು, ಅದೇ ದಿನ ವಲಯ ಅರಣ್ಯ ಕಚೇರಿಗೆ ಅಥವಾ 1926ಕ್ಕೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ತೋಳ ಹೊತ್ತೊಯ್ದ ಕುರಿಯ ಹೆಣ ಸಿಗದಿದ್ದಾಗ ಅರ್ಜಿ ಬಿದ್ದುಹೋಗುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಅದಕ್ಕಾಗಿ ಎಳೆದೊಯ್ದ ಜಾಡು ಹಿಡಿದು ಹೋಗಿ, ಉಣ್ಣೆ, ಎಲುಬು, ಕಿವಿಯೋಲೆ ಏನು ಸಿಕ್ಕರೂ ಅದರ ಚಿತ್ರ ತೆಗೆದು ಮಹಜರಿನಲ್ಲಿ ಬರೆಯಿಸಿ. ನಾಯಿ ಕೊಂದ ಕುರಿಗೆ ಅರಣ್ಯ ಇಲಾಖೆಯ ಹಣ ಬರುವುದಿಲ್ಲ, ಆದರೆ ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗಳಿಗೆ ಪಶುಸಂಗೋಪನಾ ಇಲಾಖೆಯ ಅನುಗ್ರಹ ಯೋಜನೆಯಿದೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಅದನ್ನು ವಿಚಾರಿಸಿ. ಮುಂದಿನ ಸಲ ಕುರಿ ಸತ್ತರೆ, ಯಾರ ಕೆಲಸ ಎಂದು ಊರಿನವರು ತೀರ್ಮಾನಿಸುವುದಕ್ಕೆ ಮೊದಲು ಕುತ್ತಿಗೆ ಮತ್ತು ತೊಡೆಯ ಚಿತ್ರಗಳನ್ನು ನನಗೂ ಕಳುಹಿಸಿ. ನೋಡಿ ತಿಳಿಸುತ್ತೇನೆ.